ಹದಿನೇಳನೇ ಬಿಂದುವಿನ ಎತ್ತರ

ಕಂಪ್ಯೂಟರು ಏಳು ಮೀಟರ್ ಎಂದಿತು.

“ಇನ್ನೊಂದು ಸಲ ಹಾಕು,” ಎಂದಳು ದಮಯಂತಿ.

ಚೈತನ್ಯಾ ಮತ್ತೆ ಅಕ್ಷಾಂಶ ಹಾಕಿದಳು, ರೇಖಾಂಶ ಹಾಕಿದಳು, ಗುಂಡಿ ಒತ್ತಿದಳು. ಮತ್ತೆ ಏಳು. ದಮಯಂತಿಗೆ ಆ ಅಂಕಿಯ ಕೆನ್ನೆಗೆ ಬಾರಿಸಬೇಕೆನಿಸಿತು.

ಸಮುದ್ರ ಮಟ್ಟದಿಂದ ಏಳು ಮೀಟರ್ ಅಂದರೆ ಎರಡು ಮಾಳಿಗೆಯಷ್ಟು ಎತ್ತರದ ನೆಲ. ಅಂಥ ನೆಲದ ಮೇಲೆ ಕಟ್ಟಿದ ಕೋಣೆಗೆ ಜುಲೈ ತಿಂಗಳ ಒಂದು ಬೆಳಿಗ್ಗೆ ಕಡಲಿನ ಕವಲಾದ ಕಳವಾ ಖಾಡಿಯ ನೀರು ನುಗ್ಗಿತ್ತು. ಸಾಬವ್ವ ಎಂಬ ಹೆಂಗಸು ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಾಗದೆ ಒಳಗೇ ಸತ್ತಿದ್ದಳು. ಎತ್ತರದ ಪಟ್ಟಿಗೆ ಸಹಿ ಹಾಕಿದ್ದವನು ದಮಯಂತಿಯ ತಂಗಿಯ ಗಂಡ ಮುಂಡಪ್ಪ. ಹನ್ನೆರಡು ದಿನದಿಂದ ಅವನು ಜೈಲಿನಲ್ಲಿದ್ದ. ನಾಳೆ ಹನ್ನೊಂದು ಗಂಟೆಗೆ ಠಾಣೆ ಶಹರದ ಕೋರ್ಟಿನಲ್ಲಿ ಅವನ ಜಾಮೀನಿನ ವಿಚಾರಣೆ.

ಚೈತನ್ಯಾ ಕೆಲಸಕ್ಕಿದ್ದ, ನಕ್ಷೆ ತಯಾರಿಸುವ ಮಹಾಪೆಯ ಆ ಆಫೀಸಿನಲ್ಲಿ ಊಟದ ಹೊತ್ತು. ಎಲ್ಲರೂ ಡಬ್ಬಿ ಹಿಡಿದು ಕೆಳಗೆ ಹೋಗಿದ್ದರು. ಹೊರಗಿನವರನ್ನು ಒಳಗೆ ಬಿಡುವ ಪದ್ಧತಿ ಅಲ್ಲಿಲ್ಲ. ಆದರೆ ಚೈತನ್ಯಾಗೆ ದಮಯಂತಿಯ ಋಣವಿತ್ತು. ಮೂರು ವರ್ಷದ ಹಿಂದೆ ಅವಳನ್ನು ನೋಡಲು ಬಂದ ವಾಶಿಯ ಗಂಡಿಗೆ ಪನ್ವೇಲಿನಲ್ಲಿ ಇನ್ನೊಂದು ಸಂಸಾರ ಇದೆಯೆಂದು ಪತ್ತೆ ಮಾಡಿದವಳು ದಮಯಂತಿಯೇ.

ಇಪ್ಪತ್ತೆರಡು ವರ್ಷದಿಂದ ಅವಳದು ಇದೇ ಕೆಲಸ. ಠಾಣೆಯ ಒಂದು ಪತ್ತೇದಾರಿ ಏಜೆನ್ಸಿಯಲ್ಲಿ ಹೆಣ್ಣು ಗಂಡಿನ ವಿಚಾರಣೆ. ಡೊಂಬಿವಲಿಯಿಂದ ಬೇಲಾಪುರದವರೆಗೆ ಊರಿನವರ ಎಷ್ಟೋ ಮದುವೆಗಳು ಅವಳ ವರದಿ ಓದಿ ಕೂಡಿ ಬಂದಿದ್ದವು, ಎಷ್ಟೋ ಮುರಿದಿದ್ದವು. ಮದುವೆ ಮುರಿದವರೂ ಅವಳನ್ನು ಸಮಾರಂಭಕ್ಕೆ ಕರೆಯುವುದಿಲ್ಲ, ಮದುವೆ ಆದವರೂ ಕರೆಯುವುದಿಲ್ಲ. ಐವತ್ತೆಂಟು ವಯಸ್ಸಿಗೆ ಅದೂ ಅಭ್ಯಾಸವಾಗಿತ್ತು.

“ಅಲ್ಲ ಮಾರಾಯ್ತಿ, ನಾನೇ ಹೋಗಿ ನೋಡಿ ಬಂದಿದ್ದೇನೆ. ಆ ಕೋಣೆಯ ಹೊಸ್ತಿಲಲ್ಲಿ ನಿಂತರೆ ಖಾಡಿಯ ಕೆಸರು ಕಾಲಿಗೆ ತಾಗ್ತದೆ. ನಿನ್ನ ಕಂಪ್ಯೂಟರಿಗೆ ಕಣ್ಣಿಲ್ಲವಾ?”

“ಕಣ್ಣಿದೆ ಆಂಟಿ, ಆದರೆ ಮೇಲಿಂದ ನೋಡುತ್ತೆ. ಇದು ಎರಡು ಸಾವಿರನೇ ಇಸವಿಯಲ್ಲಿ ಬಾಹ್ಯಾಕಾಶದಿಂದ ರಾಡಾರ್ ಹಾಯಿಸಿ ತೆಗೆದ ಅಳತೆ. ಮೇಲಿಂದ ಬಂದಾಗ ಮೊದಲು ಏನು ಅಡ್ಡ ಸಿಗುತ್ತೋ ಅದರ ಎತ್ತರವನ್ನೇ ಹೇಳುತ್ತೆ. ಮನೆ ಇದ್ದರೆ ಮಾಡು. ಮರ ಇದ್ದರೆ ಮರದ ತಲೆ.”

ಚೈತನ್ಯಾ ಅದೇ ಜಾಗದ ಹಳೆಯ ಚಿತ್ರ ತೆಗೆದು ತೋರಿಸಿದಳು. ಖಾಡಿಯ ಅಂಚಿಗೆ ದಟ್ಟ ಹಸಿರು. ದಮಯಂತಿಗೆ ಗುರುತು ಹತ್ತಿತು. ಕಾಂಡ್ಲಾ ಗಿಡಗಳು, ಇಲ್ಲಿಯವರು ತಿವರ ಎನ್ನುತ್ತಾರೆ. ಉಪ್ಪುನೀರಿನಲ್ಲಿ ಬೇರೂರಿ ದಟ್ಟವಾಗಿ ಬೆಳೆಯುವ ಮರ. ರಾಡಾರು ಅಳೆದದ್ದು ಅವುಗಳ ತಲೆಯನ್ನು. ಆಮೇಲೆ ಯಾರೋ ಮರ ಕಡಿದರು, ಮಣ್ಣು ಸುರಿದರು, ಸಾಲುಕೋಣೆ ಕಟ್ಟಿದರು. ಕಡಿದು ಹೋದ ಮರಗಳ ಎತ್ತರ ಮಾತ್ರ ಲೆಕ್ಕದಲ್ಲಿ ಹಾಗೇ ಉಳಿಯಿತು. ಆ ಎತ್ತರ ನಂಬಿ ಕಟ್ಟಿದ ಕೋಣೆಯಲ್ಲಿ ಸಾಬವ್ವ ನೆಲದ ಮೇಲೆ ಚಾಪೆ ಹಾಸಿದಳು.

ಮುಂಡಪ್ಪ ಕೆಲಸಕ್ಕಿದ್ದ ಅಳತೆ ಕಂಪನಿಗೆ ಬಿಲ್ಡರ್ ಕೊಟ್ಟದ್ದು ಒಂದೇ ಕೆಲಸ. ಆ ಜಾಗದ ನಲವತ್ತು ಬಿಂದುಗಳಲ್ಲಿ ನೆಲದ ಎತ್ತರ ಅಳೆದು ಕೊಡುವುದು. ನಾಲ್ಕು ಮೀಟರಿಗಿಂತ ಮೇಲಿದ್ದರೆ ಕಟ್ಟಲು ಪರವಾನಗಿ. ಅಳತೆಗೋಲು ಹಿಡಿದು ಬಿಸಿಲಲ್ಲಿ ನಿಂತು ಅಳೆಯಬೇಕಾದದ್ದನ್ನು ಯಾರೋ ತಂಪಾದ ಕೋಣೆಯಲ್ಲಿ ಕೂತು ಕಂಪ್ಯೂಟರಿನಿಂದ ಇಳಿಸಿಕೊಂಡಿದ್ದರು.

“ಇಲ್ಲಿ ನೋಡಿ,” ಎಂದು ಚೈತನ್ಯಾ ವರದಿಯ ನಕಲಿನ ಮೇಲೆ ಬೆರಳಿಟ್ಟಳು. ವಕೀಲ ಪುಂಡರೀಕಾಕ್ಷರು ಕೋರ್ಟಿನಿಂದ ತೆಗೆಸಿಕೊಟ್ಟ ನಕಲು ಅದು. ಹದಿನಾರನೇ ಬಿಂದು ಏಳು ದಶಾಂಶ ಒಂದು ಎರಡು. ಹದಿನೇಳು, ಏಳು ದಶಾಂಶ ಮೂರು ಎಂಟು. ಹದಿನೆಂಟು, ಏಳು ದಶಾಂಶ ಸೊನ್ನೆ ಐದು. “ಈ ಅಳತೆಯಲ್ಲಿ ಮೂವತ್ತು ಮೀಟರಿನ ಒಂದು ಚೌಕಕ್ಕೆ ಒಂದೇ ಅಂಕಿ ಬರೋದು, ಅದೂ ಪೂರ್ತಿ ಅಂಕಿ. ಈ ಮೂರೂ ಬಿಂದು ಒಂದೇ ಚೌಕದಲ್ಲಿವೆ. ಮೂರಕ್ಕೂ ಏಳು. ದಶಾಂಶ ಯಾರೋ ತಮ್ಮ ಕೈಯಿಂದ ಅಂಟಿಸಿದ್ದಾರೆ.”

ಪೊಲೀಸರು ಹೇಳುತ್ತಿದ್ದುದೂ ಇದನ್ನೇ. ಮುಂಡಪ್ಪ ಜಾಗಕ್ಕೆ ಹೋಗಲೇ ಇಲ್ಲ, ಕೂತಲ್ಲೇ ಅಂಕಿ ಗೀಚಿದ ಎಂದು. ತಂಗಿಯ ಗಂಡನನ್ನು ಬಿಡಿಸಲು ಹೊರಟ ದಮಯಂತಿ ಅವನ ಹೊಂಡವನ್ನು ತಾನೇ ಆಳ ಮಾಡಿದಂತಾಯಿತು.

ಮುಂಡಪ್ಪನಾದರೂ ಬಾಯಿ ಬಿಡಬೇಕಲ್ಲ. ಎರಡು ಸಲ ಜೈಲಿಗೆ ಹೋಗಿ ಕಂಡಿದ್ದಳು. ನೀನು ಅಳೆದೆಯೋ ಇಲ್ಲವೋ ಎಂದರೆ ನೆಲ ನೋಡುತ್ತಾನೆ. ಎರಡೂ ಸಲ ಅವನು ಕೇಳಿದ್ದು ಒಂದೇ: ಮಾನಸಿ ಕೆಲಸಕ್ಕೆ ಹೋಗ್ತಾಳಾ, ಸರಿ ಊಟ ಮಾಡ್ತಾಳಾ. ಮಗಳೆಂದರೆ ಜೀವ. ಅದೇ ಕಂಪನಿಯಲ್ಲಿ ಅವಳಿಗೂ ಕೆಲಸ ಕೊಡಿಸಿದ್ದ.

“ಇದೇನು ಆಂಟಿ, ಕೊನೆಯ ಕಾಲಂ?” ಎಂದಳು ಚೈತನ್ಯಾ.

ಪಟ್ಟಿಯ ಬಲಗಡೆ ತಲೆಬರಹವಿಲ್ಲದ ಒಂದು ಕಾಲಂ. ಪ್ರತಿ ಬಿಂದುವಿನ ಎದುರಿಗೆ ಎರಡೆರಡು ಇಂಗ್ಲಿಷ್ ಅಕ್ಷರ. ಕೆಲವಕ್ಕೆ ಬಿ ವೈ. ಕೆಲವಕ್ಕೆ ಎಂ ಜೆ. ಕೆಲವಕ್ಕೆ ಬಿ ಟಿ. ಹದಿನೇಳರ ಎದುರಿಗೆ ಬಿ ಟಿ ಎಂದಿತ್ತು. ಚೈತನ್ಯಾಗೆ ಅಂಥ ಯಾವ ಸಂಕೇತವೂ ಗೊತ್ತಿರಲಿಲ್ಲ.

ದಮಯಂತಿ ಅಲ್ಲಿಂದಲೇ ಮಾನಸಿಗೆ ಫೋನ್ ಹಚ್ಚಿದಳು. ಹುಡುಗಿ ಹುಟ್ಟಿದ್ದು ಡೊಂಬಿವಲಿಯಲ್ಲಿ. ಮನೆಯಲ್ಲಿ ಆಡಿದ ಮಾತೆಲ್ಲ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ. “ಪಪ್ಪಾ ಕಾ ಕುಛ್ ಕೋಡ್ ಹೋಗಾ, ದೊಡ್ಡಮ್ಮಾ,” ಎಂದಳು. “ಮುಝೆ ನಹೀ ಪತಾ.” ಅಪ್ಪನದೇನೋ ಗುರುತಿರಬೇಕು, ತನಗೆ ಗೊತ್ತಿಲ್ಲ ಎಂದು.

ದನಿ ಒಣಗಿತ್ತು. ಪಾಪ, ಹನ್ನೆರಡು ದಿನದಿಂದ ಅತ್ತು ಅತ್ತು ಸೊರಗಿದೆ ಎಂದುಕೊಂಡಳು ದಮಯಂತಿ. ಬೆಳಿಗ್ಗೆ ಇದೇ ಹುಡುಗಿಯ ತಲೆಯ ಮೇಲೆ ಕೈ ಇಟ್ಟು ಬಂದಿದ್ದಳು. ತಂಗಿ ಉಮಾವತಿಯ ಹಠ. “ನಿನಗೆ ಊರವರ ಗುಟ್ಟು ಮುಚ್ಚಿಟ್ಟು ರೂಢಿಯಾಗಿದೆ ಅಕ್ಕ. ನನ್ನ ಮಗಳ ತಲೆ ಮುಟ್ಟಿ ಹೇಳು, ಮಾಡಿದವರು ಯಾರೇ ಇರಲಿ ಹೆಸರು ಹೇಳ್ತೇನೆ ಅಂತ.” ದಮಯಂತಿ ಹಾಗೆಯೇ ಹೇಳಿದ್ದಳು.

*

ಕಳವಾದಲ್ಲಿ ಸಾಬವ್ವನ ಗಂಡ ಭೀಮು ಕೋಣೆಯ ಹೊರಗೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಕಲಬುರಗಿ ಕಡೆಯವನು. ರೈಲಿನ ಕಾರ್‌ಶೆಡ್ಡಿನಲ್ಲಿ ಬೋಗಿ ತೊಳೆಯುವ ಗುತ್ತಿಗೆ ಕೆಲಸ. ಅಂದು ಬೆಳಗಿನ ಪಾಳಿಗೆ ಅವನು ಹೋಗಿದ್ದರಿಂದ ಬದುಕಿದ, ಮನೆಯಲ್ಲಿ ಉಳಿದ ಸಾಬವ್ವ ಹೋದಳು. ಅಷ್ಟೇ ವ್ಯತ್ಯಾಸ.

ಗೋಡೆಯ ಮೇಲೆ ನೀರು ನಿಂತ ಗುರುತು ಇನ್ನೂ ಇತ್ತು. ದಮಯಂತಿಯ ಭುಜಕ್ಕೆ ಬರುತ್ತಿತ್ತು. ವರದಿಯ ಹದಿನೇಳನೇ ಬಿಂದು ಈ ಕೋಣೆಯ ಅಡಿಗೇ ಬೀಳುತ್ತದೆ.

ಭೀಮುವಿನ ಮೇಲೆ ಅವಳಿಗೆ ಒಳಗೊಳಗೆ ಸಿಟ್ಟಿತ್ತು. ಮುಂಡಪ್ಪನ ವಿರುದ್ಧ ಇದ್ದ ದೊಡ್ಡ ಸಾಕ್ಷಿ ಅವನ ಹೇಳಿಕೆ. ಸರ್ವೆಯವನೇ ಬಂದು ಜಾಗ ಮೋಕಳಿ ಆಹೆ, ಚಾಂಗ್ಲಿ ಆಹೆ ಎಂದು ಹೇಳಿದ ಅಂತ ಪೊಲೀಸರು ಮರಾಠಿಯಲ್ಲಿ ಬರೆದುಕೊಂಡಿದ್ದರು. ತೆರವಾದ, ಒಳ್ಳೆಯ ಜಾಗ ಎಂದು. ಆದರೆ ಇವತ್ತು ಅದೇ ಹೇಳಿಕೆಯಲ್ಲಿ ಅವಳಿಗೆ ಬೇರೇನೋ ಹೊಳೆದಿತ್ತು. ಸರ್ವೆಯವನು ಬಂದಿದ್ದ ಎಂದಾದರೆ ಕೂತಲ್ಲೇ ಗೀಚಿದ ಎಂಬ ಮಾತು ಸುಳ್ಳಾಗಬೇಕಲ್ಲ?

“ನೀನು ಮುಂಡಪ್ಪನನ್ನು ಕಣ್ಣಾರೆ ಇಲ್ಲಿ ನೋಡಿದ್ದೆಯಾ?”

“ನೋಡೀನ್ರೀ ಅಕ್ಕಾರ. ಆಗ ಇನ್ನೂ ಕ್ವಾಣಿ ಕಟ್ಟಿದ್ದಿಲ್ಲ. ನಾವು ಆಚೀಕಡೆ ತಗಡಿನ ಗುಡಿಸಲಾಗ ಇದ್ವಿ. ಉದ್ದಂದು ಕೋಲು ಹಿಡ್ಕೊಂಡು ಮೂರು ದಿನ ಅಡ್ಡಾಡಿದ್ರು. ಒಂದೊಂದು ಕಡೆ ಕೋಲು ನಿಲ್ಲಿಸಿ ಕೂಗೋರು. ಛತ್ರಿ ಹಿಡ್ಕೊಂಡು ಕುಂತವ್ರು ಬರ್ಕೊಳ್ಳೋರು.”

ಛತ್ರಿಯವರು ಯಾರೆಂದು ಕೇಳಿದರೆ ಅವನಿಗೆ ತಿಳಿಯದು. ಬಿಸಿಲಿಗೆ ಮುಖ ಮುಚ್ಚಿತ್ತು, ಆಫೀಸಿನವರೇ ಇರಬೇಕು ಎಂದ. ದಮಯಂತಿಯ ಮನಸ್ಸು ಕೂಡಲೇ ಒಬ್ಬನನ್ನು ಆ ಛತ್ರಿಯ ಕೆಳಗೆ ಕೂರಿಸಿತು. ಕಂಪನಿಯ ಮಾಲೀಕ ಜಯೇಶ್.

“ಏನಂತ ಕೂಗುತ್ತಿದ್ದರು?”

“ಇಲ್ಲಿಗೆ ಬಂದಾಗ ಬಯಲು, ಬಯಲು ಅಂದ್ರು. ಅವರು ಕನ್ನಡದವ್ರು ಅಂತ ಸಾಬವ್ವಗ ಭಾಳ ಖುಷಿ ಆತು. ಹೋಗಿ ಮಾತಾಡ್ಸಿದ್ಲು. ಇಲ್ಲಿ ಮನಿ ಕಟ್ಟತಾರಂತ, ಹೆಂಗೈತ್ರಿ ಜಾಗ ಅಂತ ಕೇಳಿದ್ಲು. ಇದು ಬಯಲು ಅಮ್ಮ, ಬಯಲು ಅಂತ ಎರಡು ಸಲ ಹೇಳಿದ್ರು.” ಭೀಮು ಮೂಗು ಒರೆಸಿಕೊಂಡ. “ನಮ್ಮ ಕಡೆ ಬಯಲು ಅಂದ್ರ ಚಲೋ ಅಲ್ಲೇನ್ರೀ? ಗಾಳಿ ಬೆಳಕು ಇರ್ತದ. ತಗಡಿನಾಗ ಉಸಿರು ಕಟ್ಟಿ ಒದ್ದಾಡತಿದ್ಲು ಆಕಿ. ಕ್ವಾಣಿ ಕಟ್ಟಿದಮ್ಯಾಗ ಇದ ಬೇಕು ಅಂತ ಹಠ ಹಿಡಿದು ತಗೊಂಡ್ಲು.”

ದಮಯಂತಿ ವರದಿ ಬಿಡಿಸಿ ಕೊನೆಯ ಕಾಲಮ್ಮಿನ ಅಕ್ಷರಗಳನ್ನು ನೋಡಿದಳು.

ಬಯಲು ಅಲ್ಲ. ಬೈಲು.

ಮುಂಡಪ್ಪನೂ ಅವಳೂ ಕರಾವಳಿಯ ಕಾಪು ಕಡೆಯವರು. ಆ ಕಡೆ ಗದ್ದೆಗೆ ಮೂರು ಮಟ್ಟ. ಎಲ್ಲಕ್ಕಿಂತ ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು. ನಡುವಿನದು ಮಜಲು. ಎತ್ತರದ್ದು ಬೆಟ್ಟು. ಬೈಲಿನಲ್ಲಿ ಭತ್ತ ಬೆಳೆಯುತ್ತಾರೆಯೇ ಹೊರತು ತಲೆ ಸರಿ ಇರುವ ಯಾರೂ ಮನೆ ಕಟ್ಟುವುದಿಲ್ಲ. ಮೂವತ್ತೆಂಟು ವರ್ಷದಿಂದ ಈ ಊರಿನಲ್ಲಿದ್ದು ಅವಳಿಗೇ ಆ ಮಾತುಗಳು ಮರೆತು ಹೋಗಿದ್ದವು. ಅಳತೆಗೋಲು ಏನೇ ಹೇಳಲಿ, ಮುಂಡಪ್ಪ ತನ್ನ ಕಣ್ಣಿಗೆ ಕಂಡದ್ದನ್ನು ಊರಿನ ಲೆಕ್ಕದಲ್ಲಿ ಪಕ್ಕಕ್ಕೆ ಬರೆಸುತ್ತಿದ್ದ. ಬಿ ವೈ, ಬೈಲು. ಎಂ ಜೆ, ಮಜಲು. ಬಿ ಟಿ, ಬೆಟ್ಟು.

ಅವನು ಸಾಬವ್ವನಿಗೆ ಬೇಡ ಎಂದಿದ್ದ. ಎರಡು ಸಲ ಬೇಡ ಎಂದಿದ್ದ. ಅವಳು ಅದನ್ನು ಹೌದು ಎಂದು ಕೇಳಿಸಿಕೊಂಡಳು.

ಇದನ್ನು ಭೀಮುವಿಗೆ ಹೇಳದೆ ವಿಧಿಯಿರಲಿಲ್ಲ. ನಾಳೆ ಅವನು ಕೋರ್ಟಿಗೆ ಬಂದು ಹೇಳಿಕೆ ತಿದ್ದಬೇಕು. ದಮಯಂತಿ ಹೇಳಿದಳು. ಕೆಟ್ಟ ಸುದ್ದಿ ಹೇಳುವುದೇ ಅವಳ ಸಂಬಳದ ಕೆಲಸ. ಆದರೂ ಇಷ್ಟು ಕೆಟ್ಟದ್ದನ್ನು ಇಷ್ಟು ಹತ್ತಿರ ನಿಂತು ಯಾರಿಗೂ ಹೇಳಿರಲಿಲ್ಲ.

ಭೀಮು ಬೆರಳಿನಿಂದ ನೆಲ ಕೆರೆದ. ಆಮೇಲೆ ತಲೆ ಎತ್ತಿದ.

“ಹಂಗಾರ ಅವ್ರು ನಮಗ ತಿಳಿಯೋ ಹಂಗ ಕನ್ನಡದಾಗ ಹೇಳಬಾರದಾಗಿತ್ತೇನ್ರೀ?”

“ಹೇಳಿದ್ದು ಕನ್ನಡದಲ್ಲೇ ಭೀಮು,” ಎಂದಳು ದಮಯಂತಿ.

ಅವನು ನಾಳೆ ಪಾಳಿ ಬಿಟ್ಟು ಬರುತ್ತೇನೆ ಎಂದ. ಅವಳು ಗಲ್ಲಿ ತಿರುಗುವಾಗ ಹಿಂದೆ ನೋಡಿದರೆ ಅವನು ಗೋಡೆಯ ಆ ಗುರುತನ್ನು ಅಂಗೈಯಿಂದ ಉಜ್ಜುತ್ತಿದ್ದ.

*

ಕಳವಾದಿಂದ ಸ್ಲೋ ಲೋಕಲ್ ಹಿಡಿದಾಗ ದಮಯಂತಿಯ ಕೈಯಲ್ಲಿ ಒಂದು ಸತ್ಯ ಇತ್ತು. ಹೆಂಗಸರ ಬೋಗಿಯಲ್ಲಿ ನಿಂತುಕೊಂಡೇ ವಕೀಲ ಪುಂಡರೀಕಾಕ್ಷರಿಗೆ ಎಲ್ಲ ಹೇಳಿದಳು. ಅವರು, ಒಳ್ಳೆಯದಾಯಿತು, ಆದರೆ ಅರ್ಧ ಆಯಿತು ಎಂದರು. ಮುಂಡಪ್ಪ ಹೋಗಿ ಅಳೆದದ್ದು ಹೌದೆಂದಾದರೆ ಅಳತೆಯನ್ನು ಅಳಿಸಿದವರು ಯಾರು? ಆ ಹೆಸರಿಲ್ಲದೆ ನ್ಯಾಯಾಧೀಶರು ನಂಬುವುದಿಲ್ಲ. ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಹೆಸರು ಕೊಡಿ ಎಂದರು.

ಹೆಸರು ಅವಳ ನಾಲಗೆಯ ತುದಿಯಲ್ಲಿತ್ತು. ಲೆಕ್ಕ ಸರಳ. ಮುಂಡಪ್ಪ ಹದಿನೇಳರಲ್ಲಿ ಬೈಲು ಎಂದು ಕೂಗಿದ್ದಾನೆ. ಕಾಗದದಲ್ಲಿ ಅದು ಬೆಟ್ಟು ಆಗಿದೆ. ಅರ್ಥ ಗೊತ್ತಿಲ್ಲದವರಾದರೆ ಆ ಕಾಲಮ್ಮನ್ನು ಮುಟ್ಟುತ್ತಲೇ ಇರಲಿಲ್ಲ. ಏಳು ಮೀಟರ್ ಎತ್ತರದ ಜಾಗಕ್ಕೆ ಬೈಲು ಎಂದಿರಬಾರದು ಎಂದು ತಿಳಿದವರೇ ತಿದ್ದಿದ್ದಾರೆ. ಆ ಕಂಪನಿಯಲ್ಲಿ ನಮ್ಮ ಊರಿನ ಮನೆತನ ಯಾವುದು? ಜಯೇಶನದು. ಅವನ ಅಪ್ಪ ದೇಜಪ್ಪನ ಹೋಟೆಲಿನಲ್ಲೇ ಮುಂಡಪ್ಪ ಹದಿನೈದು ವರ್ಷ ದುಡಿದದ್ದು, ಆಮೇಲೆ ಮಗನ ಕಂಪನಿಯಲ್ಲಿ ಕೋಲು ಹಿಡಿದದ್ದು. ಅಪ್ಪನಿಗೆ ಬೆನ್ನು ಕೊಟ್ಟ, ಮಗನಿಗೆ ತಲೆ ಕೊಟ್ಟ. ಈ ಅನ್ಯಾಯ ನೆನೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಠಾಕುರ್ಲಿ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ದೇಜಪ್ಪ ಇನ್ನೂ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಎಂಬತ್ತು ದಾಟಿದರೂ ಕಣ್ಣು ಬಾಗಿಲಿನ ಮೇಲೇ. ಜಯೇಶ್ ಸಂಜೆ ಐದಕ್ಕೆ ಅಪ್ಪನನ್ನು ಮನೆಗೆ ಕರೆದೊಯ್ಯಲು ಬರುತ್ತಾನೆಂದು ದಮಯಂತಿಗೆ ಗೊತ್ತಿತ್ತು. ಅವನು ಲ್ಯಾಪ್‌ಟಾಪು ತೆರೆದು ಒಳಗಿನ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ. ಅವಳು ಕೇಳದೆಯೇ ಎದುರಿಗೆ ಕೂತಳು.

“ಹದಿನೇಳನೇ ಬಿಂದು ಬೈಲೋ, ಬೆಟ್ಟೋ?”

“ಕ್ಯಾ?”

“ನಾಟಕ ಬೇಡ ಜಯೇಶ್. ಮುಂಡಪ್ಪ ಬೈಲು ಅಂತ ಬರೆಸಿದ್ದಾನೆ. ನೀನು ಬೆಟ್ಟು ಮಾಡಿದ್ದೀ. ನೀರು ನಿಲ್ಲುವ ಜಾಗ ಅಂತ ಗೊತ್ತಿದ್ದೂ ಮಾಡಿದ್ದೀ.”

ಅವನು ವರದಿಯನ್ನು ಎಳೆದುಕೊಂಡು ಅವಳ ಬೆರಳು ತೋರಿಸಿದ ಜಾಗ ನೋಡಿದ. ದಮಯಂತಿ ಅವನ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಮುಖ ಓದಿ ಅನ್ನ ತಿಂದವಳು ಅವಳು. ಸುಳ್ಳು ಹೇಳುವ ಗಂಡು ಮೊದಲು ಗ್ಲಾಸು ಮುಟ್ಟುತ್ತಾನೆ, ಇಲ್ಲವೇ ಫೋನು ಮುಟ್ಟುತ್ತಾನೆ. ಜಯೇಶ್ ಏನನ್ನೂ ಮುಟ್ಟಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಬಿ ಟಿ ಮತ್ಲಬ್ ಬೆಟ್ಟು? ಬೆಟ್ಟು ಕ್ಯಾ ಹೋತಾ ಹೈ?” ಎಂದು ಅವನು ಗಲ್ಲಾದ ಕಡೆ ತಿರುಗಿ ಅಪ್ಪನನ್ನು ಕೇಳಿದ.

ದೇಜಪ್ಪ ಬೈಲು, ಮಜಲು, ಬೆಟ್ಟುಗಳನ್ನು ಮಗನಿಗೆ ವಿವರಿಸಿದ. ವಿವರಿಸುತ್ತ ವಿವರಿಸುತ್ತ ಅವನ ದನಿ ನಿಧಾನವಾಯಿತು. ಎದ್ದು ಗೋಡೆ ಹಿಡಿದುಕೊಂಡು ಮೇಜಿನ ತನಕ ಬಂದ.

“ಮುಂಡಪ್ಪ ಆ ಜಾಗಕ್ಕೆ ಬೈಲು ಅಂತ ಹೇಳಿದ್ದನಾ ದಮಯಂತಿ?”

“ಹೌದು ದೇಜಪ್ಪಣ್ಣ. ಕೇಳಿದವರಿದ್ದಾರೆ.”

“ಅವನು ಬೈಲು ಅಂದ ಮೇಲೂ ನೀನು ಅಲ್ಲಿ ಮನೆ ಕಟ್ಟಲಿಕ್ಕೆ ಕಾಗದ ಕೊಟ್ಟೆಯಾ?” ಎಂದು ಮುದುಕ ಮಗನನ್ನು ಕೇಳಿದ.

ಜಯೇಶನಿಗೆ ರೇಗಿತು. ತನ್ನ ಮುಂದೆ ಬಂದ ಕಾಗದಕ್ಕೆ ತಾನು ಸಹಿ ಹಾಕುತ್ತೇನೆ, ಒಂದೊಂದು ಬಿಂದುವಿಗೆ ಹೋಗಿ ಕೋಲು ನೆಡಲಿಕ್ಕಾಗುತ್ತದಾ ಎಂದು ಹಿಂದಿಯಲ್ಲಿ, ಮರಾಠಿಯಲ್ಲಿ ಕೂಗಾಡಿದ. ಬಿಲ್ಡರಿನ ಅವಸರ ಇತ್ತು, ಒಳ್ಳೆಯ ಅಂಕಿ ಬೇಕು ಎಂದು ತಾನು ಆಫೀಸಿನಲ್ಲಿ ಹೇಳಿದ್ದೂ ಹೌದು ಎಂದ. ಹೇಳಿದ್ದು ಹೌದು, ಮಾಡಿದ್ದು ತಾನಲ್ಲ. ತನ್ನ ಕೈ ಶುದ್ಧ ಎನ್ನುವವರ ಮಾತೆಲ್ಲ ಒಂದೇ ತರಹ ಇರುತ್ತದೆ ಎಂದುಕೊಂಡಳು ದಮಯಂತಿ.

“ಹಾಗಾದರೆ ಮಾಡಿದವರು ಯಾರು? ಕಂಪ್ಯೂಟರಿನಲ್ಲಿ ಗುರುತು ಉಳಿಯುತ್ತದಲ್ಲ, ತೋರಿಸು.”

ತೋರಿಸಲಾರ ಎಂದುಕೊಂಡಿದ್ದಳು. ಆದರೆ ಅಪ್ಪ ಪಕ್ಕದಲ್ಲಿ ನಿಂತಿದ್ದ. ಜಯೇಶ್ ಲ್ಯಾಪ್‌ಟಾಪು ಅವಳ ಕಡೆ ತಿರುಗಿಸಿದ. ಮಾರ್ಚ್ ಹದಿನಾಲ್ಕು, ಮಧ್ಯಾಹ್ನ ಮೂರು ನಲವತ್ತು. ಎತ್ತರದ ಕಾಲಂ ಪೂರ್ತಿ ಬದಲು. ಹದಿನೇಳನೇ ಬಿಂದುವಿನ ಹಳೆಯ ಅಳತೆ ಒಂದು ದಶಾಂಶ ಆರು. ಅದನ್ನು ಕಂಡು ದಮಯಂತಿಯ ಕಣ್ಣು ಒದ್ದೆಯಾಯಿತು. ಮುಂಡಪ್ಪ ಸರಿಯಾಗಿಯೇ ಅಳೆದಿದ್ದ. ಎಂಟು ನಿಮಿಷದ ನಂತರ ಇನ್ನೊಂದು ಬದಲಾವಣೆ. ಖಾಡಿಯ ಅಂಚಿನ ಆರು ಬಿಂದುಗಳಲ್ಲಿ ಬಿ ವೈ ಹೋಗಿ ಬಿ ಟಿ.

ಎರಡೂ ಸಲ ಒಳಗೆ ಹೋದವರ ಹೆಸರು ಮುಂಡಪ್ಪ.

“ದೇಖಾ?” ಎಂದ ಜಯೇಶ್. “ಉಸೀಕಾ ಲಾಗಿನ್.”

“ಅವನಿಗೆ ಲೋಕಲ್ಲಿನ ಟಿಕೆಟ್ ಮೊಬೈಲಿನಲ್ಲಿ ತೆಗೆಯಲಿಕ್ಕೆ ಬರುವುದಿಲ್ಲ ಮಾರಾಯ. ಸಾಲಿನಲ್ಲಿ ನಿಂತು ತೆಗೆಯುತ್ತಾನೆ. ಅವನು ಇಷ್ಟೆಲ್ಲ ಮಾಡಿದನಾ?”

ಜಯೇಶ್ ಲ್ಯಾಪ್‌ಟಾಪು ಮುಚ್ಚಿದ. ಈಗ ಅವನು ಚಹಾದ ಗ್ಲಾಸು ಮುಟ್ಟಿದ, ತಿರುಗಿಸಿದ. ಸುಳ್ಳು ಹೇಳಲಿಕ್ಕಲ್ಲ, ಹೇಳಲೋ ಬೇಡವೋ ಎಂದು.

“ಆಂಟಿ, ಸೈಟಿನಲ್ಲಿ ಅವನು ಕೂಗಿದ್ದನ್ನು ಬರೆದುಕೊಳ್ಳೋರು ಯಾರು? ಅವನ ಲಾಗಿನ್ ದಿನಾ ಬೆಳಿಗ್ಗೆ ತೆರೆದು ಕೊಡೋರು ಯಾರು? ಪೊಲೀಸ್ ಕೋ ಮೈನೇ ನಹೀ ಬತಾಯಾ. ಆಪ್ ಘರ್ ಜಾಕೆ ಪೂಛಿಯೇ.”

ಪೊಲೀಸರಿಗೆ ಹೇಳಿಲ್ಲ. ಮನೆಗೆ ಹೋಗಿ ಕೇಳಿ.

ದೇಜಪ್ಪ ಅವಳ ಮುಂದೆ ಒಂದು ಲೋಟ ನೀರು ಇಟ್ಟ. ಅವಳು ಕುಡಿಯಲಿಲ್ಲ.

*

ಠಾಕುರ್ಲಿಯಿಂದ ಡೊಂಬಿವಲಿಗೆ ಒಂದೇ ಸ್ಟೇಷನ್. ರೈಲು ಹತ್ತದೆ ಹಳಿಯ ಬದಿಯ ರಸ್ತೆಯಲ್ಲಿ ನಡೆದೇ ಹೋದಳು. ದಾರಿ ಉದ್ದವಾದಷ್ಟೂ ಒಳ್ಳೆಯದೆನಿಸುತ್ತಿತ್ತು. ಛತ್ರಿಯ ಕೆಳಗೆ ತಾನೇ ಕೂರಿಸಿದ್ದ ಜಯೇಶ್ ಎದ್ದು ಹೋಗಿದ್ದ. ಈಗ ಅಲ್ಲಿ ಕೂತವರ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಮಾನಸಿ ಕೆಲಸಕ್ಕೆ ಹೋಗ್ತಾಳಾ, ಸರಿ ಊಟ ಮಾಡ್ತಾಳಾ. ಜೈಲಿನಲ್ಲಿ ಮುಂಡಪ್ಪ ಕೇಳಿದ್ದು ಅದೊಂದನ್ನೇ ಅಲ್ಲವೇ?

ಇಲ್ಲ, ಹುಡುಗಿಗೆ ಆ ಮಾತುಗಳೇ ಗೊತ್ತಿಲ್ಲ. ತಾನೇ ಹೇಳಿದಳಲ್ಲ, ಅಪ್ಪನ ಕೋಡು ತನಗೆ ತಿಳಿಯದು ಅಂತ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಬೈಲು ಯಾವುದು, ಬೆಟ್ಟು ಯಾವುದು? ಜಯೇಶನಿಗೇ ಗೊತ್ತಿರಲಿಲ್ಲ. ಈ ಒಂದು ಆಸೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ಮೂರನೇ ಮಾಳಿಗೆಯ ಮೆಟ್ಟಿಲು ಹತ್ತಿದಳು.

ದೀಪ ಹಚ್ಚುವ ಹೊತ್ತು. ಉಮಾವತಿ ಒಳಕೋಣೆಯಲ್ಲಿ ದೇವರ ಮುಂದೆ ಕೂತಿದ್ದಳು. ಮಾನಸಿ ಅಡಿಗೆ ಕಟ್ಟೆಯ ಮುಂದೆ ನಿಂತು ಚಪಾತಿ ಲಟ್ಟಿಸುತ್ತಿದ್ದಳು. ಅಪ್ಪ ಜೈಲಿಗೆ ಹೋದ ಮೇಲೆ ಅಡಿಗೆಯೆಲ್ಲ ಅವಳದೇ.

ದಮಯಂತಿ ಸ್ಟೂಲು ಎಳೆದು ಕೂತಳು. ಬೇರೆಯವರ ಮನೆಯಲ್ಲಿ ಸುಲಭವಾಗಿ ಬರುವ ಸುಳ್ಳನ್ನು ಇಲ್ಲಿ ಎಳೆದು ತರಬೇಕಾಯಿತು.

“ಊರಿನಿಂದ ಅಣ್ಣ ಫೋನ್ ಮಾಡಿದ್ದ ಮಗಾ. ನನ್ನ ಪಾಲಿಗೆ ಎರಡು ತುಂಡು ಜಾಗ ಬಿಡ್ತಾರಂತೆ. ಒಂದು ಬೈಲು, ಒಂದು ಬೆಟ್ಟು. ಯಾವುದರಲ್ಲಿ ಮನೆ ಕಟ್ಟಲಿ ಹೇಳು.”

ಹೇಳಬೇಡ, ಎಂದು ಅವಳ ಮನಸ್ಸು ಕೈಮುಗಿಯಿತು. ಕ್ಯಾ ಅಂತ ಕೇಳು. ಜಯೇಶ್ ಕೇಳಿದ ಹಾಗೆ ಕ್ಯಾ ಅಂತ ಕೇಳು ಸಾಕು.

“ಬೆಟ್ಟು ಪೇ ಹೀ ಬನಾವೋ ನಾ, ದೊಡ್ಡಮ್ಮಾ,” ಎಂದಳು ಮಾನಸಿ, ಹಿಟ್ಟಿನಿಂದ ಕಣ್ಣೆತ್ತದೆ. “ಬೈಲ್ ಮೇ ತೋ ಪಾನಿ ಖಡಾ ರೆಹತಾ ಹೈ.”

ಬೈಲಿನಲ್ಲಿ ನೀರು ನಿಲ್ಲುತ್ತದೆ, ಗೊತ್ತಿತ್ತು ಅವಳಿಗೆ. ಲಟ್ಟಣಿಗೆ ಇನ್ನೆರಡು ಸಲ ಉರುಳಿತು. ಆಮೇಲೆ ನಿಂತಿತು.

ತವೆಯ ಮೇಲಿದ್ದ ಚಪಾತಿ ಕಪ್ಪಾಗತೊಡಗಿತು. ಇಬ್ಬರೂ ಅದನ್ನು ತಿರುವಲಿಲ್ಲ. ಸೀದ ವಾಸನೆ ಮೂಗಿಗೆ ಹೊಡೆದಾಗ ಮಾನಸಿ ಒಲೆ ಆರಿಸಿದಳು. ದಮಯಂತಿಗೆ ಆ ಹುಡುಗಿಯ ಕಪಾಳಕ್ಕೆ ಹೊಡೆಯಬೇಕೆನಿಸಿತು, ಎಳೆದು ತಬ್ಬಿಕೊಳ್ಳಬೇಕೆನಿಸಿತು, ಎರಡೂ ಆಗಲಿಲ್ಲ. ಒಂದೂವರೆ ಮೀಟರಿನ ನೆಲವನ್ನು ಏಳು ಮಾಡಿದ ಕೈ ಅದು. ಅಪ್ಪ ಬಿಸಿಲಲ್ಲಿ ನಿಂತು ಬೈಲು ಎಂದು ಕೂಗಿದ್ದನ್ನು ಛತ್ರಿಯ ಕೆಳಗೆ ಬರೆದುಕೊಂಡು, ಆಮೇಲೆ ಅದನ್ನೇ ಬೆಟ್ಟು ಮಾಡಿದ ಕೈ.

“ಯಾಕೆ ಮಾಡಿದೆ?” ಎಂದಳು, ಒಳಕೋಣೆಗೆ ಕೇಳದಷ್ಟು ಮೆಲ್ಲಗೆ.

ಮಾನಸಿ ಇಷ್ಟು ವರ್ಷದಲ್ಲಿ ಒಂದು ಸಲವೂ ದೊಡ್ಡಮ್ಮನಿಗೆ ಕನ್ನಡದಲ್ಲಿ ಉತ್ತರ ಕೊಟ್ಟವಳಲ್ಲ. ಈಗ ಕೊಟ್ಟಳು.

“ಹೇಳಬೇಡಿ ದೊಡ್ಡಮ್ಮ. ಅಪ್ಪನಿಗೆ ಗೊತ್ತುಂಟು.”

ಗೊತ್ತಿದ್ದೇ ಅವನು ಒಳಗೆ ಕೂತಿದ್ದಾನೆ. ಗೊತ್ತಿದ್ದೇ ಬಾಯಿ ಮುಚ್ಚಿದ್ದಾನೆ. ದಮಯಂತಿ ಇಡೀ ದಿನ ಊರು ತಿರುಗಿ, ಹೆಂಡತಿಯನ್ನು ಕಳೆದುಕೊಂಡು ಕೂತಿದ್ದ ಆ ಭೀಮುವಿನ 	ಎದೆ ಬಗೆದು ತಂದ ಸತ್ಯವನ್ನು ಮುಂಡಪ್ಪ ಹನ್ನೆರಡು ದಿನದಿಂದ ಹಲ್ಲು ಕಚ್ಚಿ ಮುಚ್ಚಿಟ್ಟುಕೊಂಡಿದ್ದ. ಅವನನ್ನು ಬಿಡಿಸಬೇಕಾದರೆ ಇವಳನ್ನು ಕೊಡಬೇಕು. ಇವಳನ್ನು ಉಳಿಸಬೇಕಾದರೆ ಅವನು ಅಲ್ಲೇ ಕೊಳೆಯಬೇಕು, ಸಾಬವ್ವನನ್ನು ಕೊಂದವನೆಂಬ ಹೆಸರು ಹೊತ್ತು. ವಕೀಲರಿಗೆ ಬೆಳಿಗ್ಗೆ ಒಂಬತ್ತರೊಳಗೆ ಹೆಸರು ಬೇಕು.

ಒಳಗಿನಿಂದ ಗಂಟೆಯ ಸದ್ದು ನಿಂತಿತು. ಉಮಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದಳು. ಅಕ್ಕನ ಮುಖ ನೋಡಿದಳು. ಹುಟ್ಟಿದಾಗಿನಿಂದ ಆ ಮುಖ ನೋಡಿದವಳು ಅವಳು.

“ಹೆಸರು ಸಿಕ್ಕಿತಲ್ಲ ಅಕ್ಕ?”

ದಮಯಂತಿ ತವೆಯ ಮೇಲಿನ ಸೀದ ಚಪಾತಿಯನ್ನು ತೆಗೆದು ಕೆಳಗಿಟ್ಟಳು.

“ಸಿಕ್ಕಿದೆ. ನಿನಗೆ ಸಿಕ್ಕಿದೆ, ನನಗೆ ಗೊತ್ತಾಗ್ತದೆ. ನಮ್ಮವರೇ ಯಾರೋ ಇರಬೇಕು, ಅದಕ್ಕೇ ನಿನ್ನ ನಾಲಗೆ ಹೊರಳುವುದಿಲ್ಲ. ದೇಜಪ್ಪನ ಮಗನಾ? ಇರಲಿ, ಯಾರೇ ಇರಲಿ. ನನಗೆ ನನ್ನ ಗಂಡ ಬೇಕು.”

ಉಮಾವತಿ ಮುಂದೆ ಬಂದು ಅಕ್ಕನ ಬಲಗೈ ಹಿಡಿದಳು. ಇನ್ನೊಂದು ಕೈಯಲ್ಲಿ ಮಗಳ ತೋಳು ಹಿಡಿದು ಹತ್ತಿರಕ್ಕೆಳೆದಳು. ಬೆಳಿಗ್ಗೆ ಇಡಿಸಿದ ಹಾಗೆಯೇ ಆ ಕೈಯನ್ನು ಮಾನಸಿಯ ನೆತ್ತಿಯ ಮೇಲೆ ಇಟ್ಟು, ತನ್ನ ಅಂಗೈಯಿಂದ ಒತ್ತಿ ಹಿಡಿದಳು.

ಕೈಯ ಕೆಳಗೆ ಹುಡುಗಿಯ ತಲೆ ನಡುಗುತ್ತಿತ್ತು.

“ಈಗ ಹೇಳು ಅಕ್ಕ,” ಎಂದಳು ಉಮಾವತಿ. “ಯಾರು?”